‘ನನ್ನ ಜನ’ ಎಂದರೆ ಯಾರು?

ಚೀನೀ ಲೇಖಕ ಲಿನ್ ಯುಟಾಂಗ್ ‘ನನ್ನ ದೇಶ, ನನ್ನ ಜನ’ ಎಂಬ ಪುಸ್ತಕವನ್ನು ಇಂಗ್ಲಿಷಿನಲ್ಲೇ ಬರೆದರು. ಪರ್ಲ್ ಬಕ್ ಮುನ್ನುಡಿಯೊಂದಿಗೆ 1935ರಲ್ಲಿ ಅದು ಅಮೆರಿಕದಲ್ಲಿ ಹೊರಬಂತು. ಚೀನೀಯರ ಊಟ, ಮನೆ, ಸಂಸಾರ, ಸ್ವಭಾವಗಳನ್ನು ಹೊರಗಿನವರಿಗೆ ತಿಳಿಸಿಕೊಡುವುದು ಅದರ ಉದ್ದೇಶ.

ನಾವು ಈ ಪುಸ್ತಕವನ್ನು ಮೆಚ್ಚುವುದು ಒಂದು ಮುಖ್ಯ ಕಾರಣಕ್ಕೆ. ತನ್ನ ಜನರ ಅತಿಸಹನೆ, ಉದಾಸೀನಗಳನ್ನು ಲಿನ್ ದೋಷಗಳೆಂದೇ ಎಣಿಸುತ್ತಾರೆ. ಆದರೆ ಅವನ್ನು ರಕ್ತದ ಗುಣವೆನ್ನುವುದಿಲ್ಲ. ಕಿಕ್ಕಿರಿದ ಕೂಡುಕುಟುಂಬದಲ್ಲಿ ಬಾಳುವವನಿಗೆ ಸಹನೆ ಅನಿವಾರ್ಯ. ಕಾನೂನಿನ ರಕ್ಷಣೆಯಿಲ್ಲದವನಿಗೆ ಊರ ಉಸಾಬರಿ ಅಪಾಯ. ಜನರ ‘ಸ್ವಭಾವ’ದ ಹಿಂದೆ ವ್ಯವಸ್ಥೆಯಿದೆ ಎಂದು ತೋರಿಸಿದ್ದು ಸಣ್ಣ ಮಾತಲ್ಲ.

ಆದರೆ ಚಹಾ, ತೋಟ, ವಿರಾಮದ ಪುಟಗಳಲ್ಲಿ ಅವರು ಅತಿಥಿಗೆ ಪಡಸಾಲೆಯನ್ನಷ್ಟೇ ತೋರಿಸುವ ಯಜಮಾನರಾಗುತ್ತಾರೆ. ಆ ಚಹಾಕ್ಕೆ ನೀರು ಹೊತ್ತವರು ಯಾರು? ಲು ಶುನ್ 1921-22ರಲ್ಲಿ ಬರೆದ ‘ಆ ಕ್ಯೂನ ನಿಜಕಥೆ’ಯ ಕೂಲಿಯಾಳಿಗೆ ಸ್ವಂತ ಮನೆಯೇ ಇಲ್ಲ. ಲು ಶುನ್ ಬರೆದದ್ದು ಚೀನೀಯರಿಗಾಗಿ. ಅತಿಥಿಯೆದುರಿನ ಸಂಕೋಚ ಅವರಿಗಿರಲಿಲ್ಲ.

‘ನನ್ನ ಜನ’ ಎಂಬ ಮಾತೂ ಸರಳವಲ್ಲ. ಇಂದಿನ ಚೀನಾ ಸರ್ಕಾರ 56 ಜನಾಂಗಗಳನ್ನು ಗುರುತಿಸುತ್ತದೆ. ಚೀನೀ ಭಾಷೆಯನ್ನೇ ಆಡುವ, ಹಂದಿಮಾಂಸ ಮುಟ್ಟದ ಹುಯಿ ಮುಸ್ಲಿಮರೂ ಅವರಲ್ಲಿದ್ದಾರೆ. ಲಾಂಝೌ ನಗರದ ಹೆಸರಾಂತ ದನದ ಮಾಂಸದ ನೂಡಲ್ಸ್ ಅವರ ಕೈರುಚಿ. ಅವರ ಅಡುಗೆಯನ್ನು ಬಿಟ್ಟು ಚೀನೀ ಊಟದ ಮಾತು ಪೂರ್ತಿಯಾಗದು.

ಅತಿಥಿಗೆ ಮನೆ ತೋರಿಸುವವರನ್ನು ನಾವು ಕೇಳಬೇಕಾದದ್ದು ಇಷ್ಟೇ: ಅವರು ಬರುವ ಮುಂಚೆ ಯಾರನ್ನು ಒಳಗೆ ಕಳಿಸಿದಿರಿ?