ಉಂಗುರ ದೊರೆತ ಮೇಲೆ: ತಡವಾದ ಅರಿವಿನ ನಾಲ್ಕು ಆತ್ಮಕಥನಗಳು

ಇಂಗ್ಲಿಷ್ ಸಾಹಿತ್ಯದಲ್ಲಿ ಕಳೆದ ಮೂರು ದಶಕಗಳಿಂದೀಚೆಗೆ ಒಂದು ಹೊಸ ಬಗೆಯ ಆತ್ಮಕಥನ ಬೆಳೆದು ಬಂದಿದೆ. ಸ್ವಲೀನತೆ, ಅಂದರೆ ಆಟಿಸಂ, ತಮ್ಮ ಹುಟ್ಟಿನೊಡನೆಯೇ ಬಂದ ಸ್ಥಿತಿಯೆಂಬುದನ್ನು ಪ್ರೌಢವಯಸ್ಸಿನಲ್ಲಿ ತಿಳಿದುಕೊಂಡವರು ಬರೆದ ಗ್ರಂಥಗಳಿವು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದೆ: ಅಮೆರಿಕದ ಲಿಯಾನ್ ಹಾಲಿಡೇ ವಿಲ್ಲಿ ಅವರ ‘ಪ್ರಿಟೆಂಡಿಂಗ್ ಟು ಬಿ ನಾರ್ಮಲ್’ (1999), ಅದೇ ದೇಶದ ಟಿಮ್ ಪೇಜ್ ಅವರ ‘ಪ್ಯಾರಲಲ್ ಪ್ಲೇ’ (2009), ಇಂಗ್ಲೆಂಡಿನ ಕ್ಯಾಥರೀನ್ ಮೇ ಅವರ ‘ದಿ ಎಲೆಕ್ಟ್ರಿಸಿಟಿ ಆಫ್ ಎವ್ರಿ ಲಿವಿಂಗ್ ಥಿಂಗ್’ (2018), ಸ್ಕಾಟ್ಲೆಂಡಿನ ಹಾಸ್ಯಗಾರ್ತಿ ಫರ್ನ್ ಬ್ರೇಡಿ ಅವರ ‘ಸ್ಟ್ರಾಂಗ್ ಫೀಮೇಲ್ ಕ್ಯಾರೆಕ್ಟರ್’ (2023). ವೈದ್ಯಶಾಸ್ತ್ರದ ವಿಷಯದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಇಂಥ ಗ್ರಂಥಗಳ ಕಥನರೂಪವನ್ನು ವೈದ್ಯನ ಪರೀಕ್ಷಾಕ್ರಮವೇ ಬಹುಮಟ್ಟಿಗೆ ರೂಪಿಸಿದೆಯೆಂದೂ, ಅವುಗಳ ಗುಣಕ್ಕೂ ದೋಷಕ್ಕೂ ಅಲ್ಲಿಯೇ ಮೂಲವಿದೆಯೆಂದೂ ನಮಗೆ ತೋರುತ್ತದೆ.

ಅರಿವು ಇಷ್ಟು ತಡವಾಗುವುದಕ್ಕೆ ಚಾರಿತ್ರಿಕ ಕಾರಣವುಂಟು. ಲಿಯೋ ಕ್ಯಾನರ್ ಈ ಸ್ಥಿತಿಯನ್ನು ಕುರಿತು ಬರೆದುದು 1943ರಲ್ಲಿ; ಹಾನ್ಸ್ ಆಸ್ಪರ್ಗರ್ ಜರ್ಮನ್ ಭಾಷೆಯಲ್ಲಿ ಬರೆದುದು 1944ರಲ್ಲಿ. ಚೆನ್ನಾಗಿ ಮಾತು ಬಲ್ಲ ಮಕ್ಕಳನ್ನು ವರ್ಣಿಸಿದ ಈ ಎರಡನೆಯ ಲೇಖನ ಇಂಗ್ಲಿಷ್ ಬಲ್ಲ ವೈದ್ಯರ ನಡುವೆ ಪ್ರಚಾರಕ್ಕೆ ಬಂದುದು 1981ರಲ್ಲಿ, ಲೋರ್ನಾ ವಿಂಗ್ ಅವರ ಬರೆಹದಿಂದ. ಅಮೆರಿಕದ ಮನೋವೈದ್ಯರ ಕೈಪಿಡಿ ಆಸ್ಪರ್ಗರನ ಹೆಸರಿನ ಸ್ಥಿತಿಯನ್ನು 1994ರಲ್ಲಿ ಸೇರಿಸಿಕೊಂಡಿತು. 2013ರಲ್ಲಿ ಆ ಹೆಸರನ್ನು ಕೈಬಿಟ್ಟು ಅದನ್ನು ಆಟಿಸಂ ಶ್ರೇಣಿಯೊಳಗೆ ಕೂಡಿಸಿತು. 1954ರಲ್ಲಿ ಹುಟ್ಟಿದ ಪೇಜ್ ಬಾಲಕರಾಗಿದ್ದಾಗ ಅಂಥವರಿಗೆ ಸಲ್ಲುವ ಹೆಸರೇ ಚಲಾವಣೆಯಲ್ಲಿರಲಿಲ್ಲ. ಅದು ಅವರಿಗೆ ದೊರೆತುದು 2000ದಲ್ಲಿ, 45ನೆಯ ವಯಸ್ಸಿನಲ್ಲಿ. ಆ ವೇಳೆಗಾಗಲೆ ಅವರು ಸಂಗೀತ ವಿಮರ್ಶೆಗಾಗಿ 1997ರ ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದರು.

ಮಗುವನ್ನಾದರೆ ವೈದ್ಯನು ಕಣ್ಣಾರೆ ನೋಡಬಹುದು. ನಲವತ್ತೈದರ ಮನುಷ್ಯನ ಬಾಲ್ಯವನ್ನು ನೋಡುವ ಬಗೆ ಹೇಗೆ? ಲಕ್ಷಣಗಳು ಎಳವೆಯಲ್ಲಿಯೇ ಇದ್ದಿರಬೇಕೆಂಬುದು ಕೈಪಿಡಿಯ ನಿಯಮ. ಕಲಿತುಕೊಂಡ ಉಪಾಯಗಳಿಂದ ಅವು ಮುಂದೆ ಮರೆಯಾಗಿರಬಹುದೆಂಬುದನ್ನೂ ಅದು ಒಪ್ಪುತ್ತದೆ. ಆದ್ದರಿಂದ ಸಾಕ್ಷ್ಯ ಬೇಕಾಗುತ್ತದೆ. ಇಂಗ್ಲೆಂಡಿನ ‘ನೈಸ್’ ಎಂಬ ಸಂಸ್ಥೆ ವಯಸ್ಕರ ಪರೀಕ್ಷೆಯನ್ನು ಕುರಿತು 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸಾಧ್ಯವಾದಲ್ಲಿ ಮನೆಯವರನ್ನೋ ಬಲ್ಲವರನ್ನೋ ವಿಚಾರಿಸಬೇಕು, ಇಲ್ಲವೆ ಶಾಲೆಯ ವರದಿಗಳಂಥ ದಾಖಲೆಗಳನ್ನು ನೋಡಬೇಕು ಎಂದಿದೆ. ಇಲ್ಲಿ ಶಾಕುಂತಲದ ಉಂಗುರ ನೆನಪಾಗುವುದು ಸಹಜ. ಶಕುಂತಲೆ ಎಷ್ಟು ಹೇಳಿಕೊಂಡರೂ ಅವಳ ಮಾತು ದೊರೆಯೆದುರಿನಲ್ಲಿ ಸಲ್ಲಲಿಲ್ಲ. ಗುರುತಿನ ವಸ್ತು ಬೇಕಾಯಿತು, ಅದು ಮೀನಿನ ಹೊಟ್ಟೆಯಲ್ಲಿತ್ತು. ತಾಯಿಯನ್ನು ಕಳೆದುಕೊಂಡವರು, ಶಾಲೆಯ ಕಾಗದಗಳನ್ನು ಎಂದೋ ರದ್ದಿಗೆ ಹಾಕಿದವರು ಇಂದಿನ ಪರೀಕ್ಷೆಯಲ್ಲಿ ಅವಳಂತೆಯೇ ಬರಿಗೈಯಲ್ಲಿ ನಿಲ್ಲುತ್ತಾರೆ.

ಪೇಜ್ ಅವರ ಕೈಯಲ್ಲಿ ಉಂಗುರವಿತ್ತು. ಎರಡನೆಯ ತರಗತಿಯ ಮಕ್ಕಳನ್ನು ಬಾಸ್ಟನ್ ನಗರಕ್ಕೆ ಕರೆದೊಯ್ದು, ಆಮೇಲೆ ಆ ಪ್ರವಾಸವನ್ನು ಕುರಿತು ಬರೆಯಹೇಳಿದ್ದರಂತೆ. ಎಲ್ಲರೂ ನಗರವನ್ನು ವರ್ಣಿಸಬೇಕಾದ ಕಡೆ ಈ ಹುಡುಗ ಬಸ್ಸು ಯಾವ ಊರಿನ ಮೇಲೆ, ಯಾವ ಸಂಖ್ಯೆಯ ರಸ್ತೆಯಲ್ಲಿ ಹೋಯಿತೆಂಬುದನ್ನು ಚಾಚೂ ತಪ್ಪದೆ ಬರೆದ. ಉಪಾಧ್ಯಾಯಿನಿಯ ಸಿಟ್ಟಿಗೆ ಕೆಂಪು ಪೆನ್ಸಿಲು ಹಾಳೆಯನ್ನೇ ಸೀಳಿತು. ಅಧ್ಯಾಪಕರಾದ ನಾವು ಈ ಪ್ರಸಂಗವನ್ನು ಸ್ವಲ್ಪ ನಾಚಿಕೆಯಿಂದಲೇ ಓದಬೇಕಾಗುತ್ತದೆ. ಅಂದು ಅವಿಧೇಯತೆಯೆಂದು ಕಂಡ ಬರೆಹವೇ ದಶಕಗಳ ಮೇಲೆ ಗುರುತಾಗಿ ಪರಿಣಮಿಸಿತು. ಹಾಳೆಯ ಅಕ್ಷರಗಳು ಬದಲಾಗಲಿಲ್ಲ, ಓದುವ ಕಣ್ಣು ಬದಲಾಯಿತು. ಪೇಜ್ ಇದನ್ನು ನಗುತ್ತ ಹೇಳುತ್ತಾರೆ, ದೂರುವುದಿಲ್ಲ. ಪ್ರಸಂಗದ ಬಲವಿರುವುದು ಆ ಸಂಯಮದಲ್ಲಿಯೇ.

ಈ ಜಾತಿಯ ಬರೆವಣಿಗೆಗೆ ಒಂದು ಅಪಾಯವೂ ಉಂಟು. ಬಾಲ್ಯವನ್ನೆಲ್ಲ ಸಾಕ್ಷ್ಯವೆಂದು ಮಂಡಿಸುವ ಅಭ್ಯಾಸ ಒಮ್ಮೆ ಹತ್ತಿದರೆ ಹಿಡಿದ ಮೀನಿನಲ್ಲೆಲ್ಲ ಉಂಗುರ ಕಾಣತೊಡಗುತ್ತದೆ: ಉಣ್ಣೆಯ ಅಂಗಿಯ ಕಡಿತ, ಗೆಳತಿಯೊಡನೆ ಜಗಳ, ಜಾತ್ರೆಯ ಗದ್ದಲಕ್ಕೆ ಅಳು, ಎಲ್ಲವೂ ಒಂದೇ ಅರ್ಥಕ್ಕೆ ದುಡಿಯುತ್ತವೆ. ಬದುಕಿನಲ್ಲಿ ಅರ್ಥವಾಗದೆ ಉಳಿಯುವ ಅಂಶವೇ ಇಲ್ಲವಾದರೆ ಆತ್ಮಕಥನ ಅರ್ಜಿಯಾಗುತ್ತದೆ. ಬ್ರೇಡಿ ಇದರಿಂದ ಪಾರಾಗಿರುವುದಕ್ಕೆ ಕಾರಣ ಅವರ ಕಥೆಯ ವಿಲಕ್ಷಣ ಸನ್ನಿವೇಶ. ತನಗೆ ಆಟಿಸಂ ಇದೆಯೆಂದು ಆಕೆ ವೈದ್ಯರಿಗೆ ಹೇಳಿ ಇಪ್ಪತ್ತು ವರ್ಷಗಳಾದ ಮೇಲೆ ಅದು ಸ್ಥಿರಪಟ್ಟಿತು. ಅಲ್ಲಿ ಉಂಗುರ ಕಳೆದೇ ಇರಲಿಲ್ಲ, ಬೆರಳನ್ನು ನೋಡುವವರಿರಲಿಲ್ಲ. ಆದಕಾರಣ ಆ ಗ್ರಂಥದ ಸ್ಥಾಯಿ ವಿಸ್ಮಯವಲ್ಲ, ಕ್ರೋಧ. ಹಾಸ್ಯ ಅದಕ್ಕೆ ಹೊದಿಸಿದ ಬಟ್ಟೆ.

ಕಾಳಿದಾಸನ ವಿವೇಕ ಇಲ್ಲಿ ಇನ್ನೊಂದು ಬಗೆಯಲ್ಲಿ ನಮಗೆ ನೆರವಾಗುತ್ತದೆ. ಉಂಗುರ ದೊರೆತ ವಿಷಯ ಬರುವುದು ಆರನೆಯ ಅಂಕದಲ್ಲಿ. ಅದರಿಂದ ದುಷ್ಯಂತನಿಗೆ ಒದಗುವುದು ಪಶ್ಚಾತ್ತಾಪ ಮಾತ್ರ. ಶಕುಂತಲೆಗೆ ಏನೂ ಒದಗುವುದಿಲ್ಲ. ಮಾರೀಚಾಶ್ರಮದ ಏಳನೆಯ ಅಂಕವಿಲ್ಲದೆ ನಾಟಕ ನಿಲ್ಲದು. ಹೆಸರು ದೊರೆತವರಿಗೆ ಯಾರ ನೆರವು, ಎಂಥ ನೆರವು ಎಂಬುದೇ ಈ ಆತ್ಮಕಥನಗಳ ಏಳನೆಯ ಅಂಕ. ಅದನ್ನು ಬರೆಯಲು ಲೇಖಕರು ಹಿಂಜರಿಯುತ್ತಾರೆ. ಪರೀಕ್ಷೆ ಅವರಿಂದ ಕೇಳಿದ್ದು ಹಿಂದಿನ ಕಥೆಯನ್ನೇ ಹೊರತು ಮುಂದಿನದನ್ನಲ್ಲ.

ವಿಲ್ಲಿ ಅವರ ಗ್ರಂಥವನ್ನು ನೋಡಿ. ಮಗಳಿಗೆ ಆದ ನಿರ್ಣಯದಲ್ಲಿ ತಾಯಿ ತನ್ನನ್ನೇ ಕಂಡುಕೊಳ್ಳುವ ಭಾಗ ಹೃದಯಸ್ಪರ್ಶಿಯಾಗಿದೆ. ಆದರೆ ಇತರರಿಗೆ ಹೇಗೆ ತಿಳಿಸಬೇಕು, ಕಾಲೇಜಿನಲ್ಲಿ ಹೇಗೆ ನಿಭಾಯಿಸಬೇಕು, ಎಂಥ ಉದ್ಯೋಗ ಹಿಡಿಯಬೇಕು, ಮನೆಯನ್ನು ಹೇಗೆ ಅಣಿಗೊಳಿಸಬೇಕು ಎಂಬ ಮಾತುಗಳೆಲ್ಲ ಅನುಬಂಧಗಳಿಗೆ ಹೋಗಿವೆ. ಓದುಗರಿಗೆ ಅತ್ಯಂತ ಉಪಯುಕ್ತವಾದ ಪುಟಗಳು ಅವೇ ಇರಬಹುದು. ಆದರೂ ಅಧ್ಯಾಯಗಳಲ್ಲಿ ತಡವರಿಸುವ ಹೆಣ್ಣುಮಗಳೂ ಅನುಬಂಧದಲ್ಲಿ ಸಲಹೆ ಕೊಡುವ ಹಿರಿಯಳೂ ಒಬ್ಬರೇ ಎಂದು ನಂಬಿಸುವ ಸೇತುವೆ ಕಥನದಲ್ಲಿಲ್ಲ.

ಮೇ ಅವರಲ್ಲಿ ಈ ಸೇತುವೆ ಇದೆ. ನಾಲ್ಕರಲ್ಲಿ ಇದೇ ಮೇಲೆಂದು ನಾವು ಎಣಿಸುವುದಕ್ಕೆ ಕಾರಣ ಅದು. ಕಾರಿನಲ್ಲಿ ಹೋಗುತ್ತಿದ್ದಾಗ ರೇಡಿಯೋದಲ್ಲಿ ಕೇಳಿದ ಸಂದರ್ಶನವೊಂದರಿಂದ ಅವರಿಗೆ ತಮ್ಮ ವಿಷಯದಲ್ಲಿ ಸಂದೇಹ ಹುಟ್ಟುತ್ತದೆ. ಇಂಗ್ಲೆಂಡಿನ ನೈಋತ್ಯ ಕರಾವಳಿಯ 630 ಮೈಲಿಗಳ ಕಾಲುದಾರಿಯನ್ನು ಅವರು ತುಂಡುತುಂಡಾಗಿ ನಡೆಯುತ್ತಾರೆ. ಏಕಾಂತ ಬೇಕೆಂದು ಹೊರಟವಳಿಗಾಗಿ ದಾರಿಯ ಆ ತುದಿಯಲ್ಲಿ ಗಂಡನೂ ಎಳೆಯ ಮಗನೂ ಕಾದಿರುತ್ತಾರೆ. ನೆರವೆಂಬುದು ಇಲ್ಲಿ ಉಪದೇಶವಾಗಿ ಬರದೆ, ಕಾಯುವವರ ವೇಳೆಯಾಗಿ, ಬೇಸರವಾಗಿ, ಲೇಖಕಿಯ ಸಂಕೋಚವಾಗಿ ಬರುತ್ತದೆ.

ಕೌತುಕದ ಸಂಗತಿಯೆಂದರೆ, ಲೇಖಕರು ಬಿಟ್ಟ ಅಂಕವನ್ನು ನಿಯಮಕಾರರು ಬರೆದಿದ್ದಾರೆ. ಚಿಕಿತ್ಸೆ ಬೇಡವೆಂದವರನ್ನೂ ನಿರ್ಣಯದ ಬಳಿಕ ಮತ್ತೊಮ್ಮೆ ಕರೆದು, ಅದರ ಅರ್ಥವನ್ನೂ ಮುಂದಿನ ನೆರವನ್ನೂ ಚರ್ಚಿಸಲು ಅವಕಾಶ ಕೊಡಬೇಕೆಂದು ಮೇಲೆ ಹೇಳಿದ ಮಾರ್ಗಸೂಚಿಯೇ ವಿಧಿಸುತ್ತದೆ.

ನಮ್ಮ ದೇಶದಲ್ಲಿ ಇಂಥ ಕಥನಕ್ಕೆ ಬೇರೆಯೇ ರೂಪ ಬಂದೀತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಸ್ಥಿತಿಗಳಲ್ಲಿ ಆಟಿಸಂ ಒಂದು. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಮೆಯಿಲ್ಲದ ಮೀಸಲಾತಿಯೂ ಉಂಟು. ಆದರೆ ಅದು ಸಲ್ಲುವುದು ವೈಕಲ್ಯ ಶೇಕಡಾ 40ಕ್ಕೆ ಕಡಮೆಯಿಲ್ಲವೆಂದು ಪ್ರಮಾಣಪತ್ರ ಪಡೆದವರಿಗೆ. ಹೌದೆ ಅಲ್ಲವೆ ಎಂಬುದರೊಡನೆ ಎಷ್ಟು ಎಂಬ ಪ್ರಶ್ನೆಯೂ ಇಲ್ಲಿ ಸೇರುತ್ತದೆ. ವರ್ಷಗಟ್ಟಲೆ ಮರೆಮಾಚಿ ಓದಿ, ಪದವಿ ಪಡೆದು, ಕೆಲಸದಲ್ಲಿ ನಿಂತವರಿಗೆ ಆ ಮರೆಮಾಚುವಿಕೆಯೇ ಪ್ರತಿಕೂಲ ಸಾಕ್ಷ್ಯವಾಗಬಹುದು. ಪೇಜ್ ಅವರ ಆ ಸೀಳಿದ ಹಾಳೆ ಇಲ್ಲಿ ಎಷ್ಟು ಅಂಕ ತರುತ್ತಿತ್ತೋ ಊಹಿಸುವುದು ಕಷ್ಟ.