ಬೀದರ ನೆಲದಲ್ಲಿ ಅಕ್ಕಮಹಾದೇವಿ: ಚರಿತೆ, ಪರೀಕ್ಷೆ ಮತ್ತು ಆರಾಧನೆ

ಮಧ್ಯಯುಗದ ಸಂತಸ್ತ್ರೀಯರ ಬದುಕು ಬಹುಮಟ್ಟಿಗೆ ಪುರುಷರು ರಚಿಸಿದ ಚರಿತೆಗಳ ಮೂಲಕವೇ ದೊರೆಯುತ್ತದೆ. ಬೀದರ, ಭಾಲ್ಕಿ, ಔರಾದ ಪರಿಸರದಲ್ಲಿ ಅಕ್ಕಮಹಾದೇವಿಗೆ ಸಲ್ಲುತ್ತಿರುವ ಆರಾಧನೆಯ ಸ್ವರೂಪವನ್ನು ಅರಿಯಲು ಈ ಸಂಗತಿಯನ್ನು ನೆನೆಯಬೇಕಾಗುತ್ತದೆ. ಉಡುತಡಿಯಲ್ಲಿ ಹುಟ್ಟಿ ಶ್ರೀಶೈಲದಲ್ಲಿ ಐಕ್ಯಳಾದ ಅಕ್ಕ ಈ ಸೀಮೆಯವಳಾದುದು ಕಲ್ಯಾಣದ ಮೂಲಕ. ಆದರೆ ಆಕೆಯನ್ನು ಕುರಿತ ಅತ್ಯಂತ ಹಳೆಯ ಕಾವ್ಯವಾದ ಹರಿಹರನ ರಗಳೆಯಲ್ಲಿ ಕಲ್ಯಾಣದ ಪ್ರಸಂಗವೇ ಇಲ್ಲ.

ಹರಿಹರನಲ್ಲಿ ಅಕ್ಕ ಕೌಶಿಕನನ್ನು ಷರತ್ತಿನ ಮೇಲೆ ವರಿಸಿ, ಅವನು ಮಾತಿಗೆ ತಪ್ಪಿದಾಗ ಹೊರಡುತ್ತಾಳೆ. 15ನೆಯ ಶತಮಾನದ ಚಾಮರಸನಲ್ಲಿ ಆ ವಿವಾಹ ನಡೆಯುವುದಿಲ್ಲ. ಅದೇ ಶತಮಾನದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಆಕೆಯನ್ನು ಶರಣರ ಸಭೆಯಲ್ಲಿ ಪ್ರಶ್ನಿಸುತ್ತಾನೆ. ಪತಿ ಯಾರೆಂದೂ, ದೇಹಭಾವ ಅಳಿದಿದ್ದರೆ ಕೂದಲಿನ ಮರೆ ಏಕೆಂದೂ ಕೇಳುತ್ತಾನೆ.

ಇದಕ್ಕೆ ಸಂವಾದಿಯಾದ ನಿದರ್ಶನ ಇಟಲಿಯ ಕ್ಯಾಥೊಲಿಕ್ ಸಂತಳಾದ ಸಿಯೆನಾದ ಕ್ಯಾಥರಿನ್‌ಳದು (1347-1380). ಮದುವೆಯನ್ನು ಒಲ್ಲದೆ ತಲೆಗೂದಲನ್ನು ಕತ್ತರಿಸಿಕೊಂಡ ಆಕೆ ಕ್ರಿಸ್ತನನ್ನೇ ವರನೆಂದು ಬಗೆದಳು. 1374ರಲ್ಲಿ ಫ್ಲಾರೆನ್ಸಿನಲ್ಲಿ ಡೊಮಿನಿಕನ್ ಗುರುಗಳು ಆಕೆಯನ್ನು ವಿಚಾರಣೆಗೆ ಒಳಪಡಿಸಿದರೆಂದು ಸಂಪ್ರದಾಯ ಹೇಳುತ್ತದೆ. ಚರಿತೆಯನ್ನು ಬರೆದವನು ಆಕೆಯ ಗುರುವಾಗಿದ್ದ ರೇಮಂಡ್. 1461ರಲ್ಲಿ ಸಂತಪದವಿ, 1970ರಲ್ಲಿ ಧರ್ಮಸಭೆಯ ಆಚಾರ್ಯಪದವಿ ಆಕೆಗೆ ಸಂದವು. ಎರಡು ಕಥನಗಳಲ್ಲೂ ಹೆಣ್ಣಿನ ಅನುಭಾವ ಪರೀಕ್ಷೆಯನ್ನು ದಾಟಿಯೇ ಮಾನ್ಯವಾಗುತ್ತದೆ. ಇಂಥ ಪರೀಕ್ಷೆ ಸಂತಳಿಗೆ ಗೌರವ ತರುವುದರೊಂದಿಗೆ, ಗೌರವ ಕೊಡುವ ಅಧಿಕಾರ ಯಾರದೆಂಬುದನ್ನೂ ಸ್ಥಾಪಿಸುತ್ತದೆ.

ವ್ಯತ್ಯಾಸವೂ ಗಮನಾರ್ಹವಾದುದು. ಕ್ಯಾಥರಿನ್‌ಳ ಸುಮಾರು 380 ಪತ್ರಗಳು ಉಳಿದಿದ್ದು, ಅವು ಯಾರನ್ನು ಉದ್ದೇಶಿಸಿದವೆಂಬುದು ಸ್ಪಷ್ಟ. ಅಕ್ಕನ ಹೆಸರಿನಲ್ಲಿ ದೊರೆತ 400ಕ್ಕೂ ಹೆಚ್ಚು ವಚನಗಳಿಗೆ ಅಂಥ ಸಂದರ್ಭದ ಆಧಾರವಿಲ್ಲ. ಸಂಪಾದನಕಾರರು ಅವುಗಳಲ್ಲಿ ಕೆಲವನ್ನು ಅಲ್ಲಮನ ಪ್ರಶ್ನೆಗೆ ಉತ್ತರವಾಗಿ ಜೋಡಿಸಿದರು. ಚೆನ್ನಮಲ್ಲಿಕಾರ್ಜುನನಿಗೆ ಆಡಿದ ಮಾತು ಸಭೆಗೆ ಒಪ್ಪಿಸಿದ ಸಾಕ್ಷ್ಯವಾಯಿತು.

ಈ ಭಾಗದ ಆರಾಧನೆಗೆ ನೆಲೆಯಾದುದು ಸಂಪಾದನೆಯ ಅಕ್ಕನೇ. ಅದಕ್ಕೆ ಚಾರಿತ್ರಿಕ ಕಾರಣವಿದೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಇಲ್ಲಿ ಉರ್ದು ಆಡಳಿತಭಾಷೆಯಾಗಿದ್ದಾಗ ಕನ್ನಡವನ್ನು ಉಳಿಸಿದವರಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಪ್ರಮುಖರು. ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಜನಿಸಿ 1999ರಲ್ಲಿ ಲಿಂಗೈಕ್ಯರಾದ ಅವರು ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿಸಿದರು. ಹೀಗೆ ಭಾಷೆಯ ಉಳಿವು, ವಚನದ ಓದು, ಮಂಟಪದ ಸ್ಮರಣೆ ಒಂದಾದವು. ಮಂಟಪದೊಡನೆ ಅಕ್ಕನೂ ಬಂದಳು. ದವನದ ಹುಣ್ಣಿಮೆಯ ಅಕ್ಕನ ಜಯಂತಿಯಲ್ಲೂ ಈ ಮಂಟಪದ ಅಕ್ಕನೇ ಮುಂದಾಗಿರುತ್ತಾಳೆ.

ಹರಿಹರನ ಮೌನವೊಂದರಿಂದಲೇ ಕಲ್ಯಾಣದ ಭೇಟಿಯನ್ನು ಅಲ್ಲಗಳೆಯುವುದು ಸರಿಯಾಗಲಾರದು. ಅವನ ಗುರಿ ಭಕ್ತಿಯ ಕಥನ, ಸಭೆಯ ದಾಖಲೆಯಲ್ಲ. ಆದರೆ ಪರೀಕ್ಷೆಯಲ್ಲಿ ಗೆದ್ದ ಅಕ್ಕನನ್ನಷ್ಟೇ ಪೂಜಿಸಿದರೆ, ಪರೀಕ್ಷೆಗೆ ಮೊದಲೇ ಮನೆ, ಅರಮನೆ, ಉಡುಗೆಗಳನ್ನು ತೊರೆದ ಅಕ್ಕ ಮರೆಯಾಗುತ್ತಾಳೆ. ಬೀದರಿನ ಬಸವಗಿರಿಯ ವಚನ ವಿಜಯೋತ್ಸವದಲ್ಲಿ ಮೆರವಣಿಗೆಯ ಗೌರವ ಪಡೆಯುವುದು ವಚನಗ್ರಂಥ. ಆ ಗ್ರಂಥವನ್ನು ತೆರೆದು, ಪ್ರಶ್ನೋತ್ತರದ ಚೌಕಟ್ಟನ್ನು ಬದಿಗಿರಿಸಿ, ಅಕ್ಕನ ವಚನಗಳನ್ನು ಅವುಗಳ ಅಂಕಿತದೆಡೆಗೆ ಮುಖಮಾಡಿ ಓದುವುದೇ ಆ ಗೌರವವನ್ನು ಸಾರ್ಥಕಗೊಳಿಸುವ ಮಾರ್ಗ.