ಆಜ್ಞಾವಾಕ್ಯಗಳ ವ್ಯಾಕರಣ: ಒಂದು ವಿಮರ್ಶೆ

ಗಣಕಯಂತ್ರಕ್ಕೆ ಅಕ್ಷರಗಳ ಮೂಲಕ ಅಪ್ಪಣೆ ಕೊಡುವ ಪದ್ಧತಿಗೆ ಕಮಾಂಡ್ ಲೈನ್ ಎಂದು ಹೆಸರು. ಅಲ್ಲಿ ಬರೆಯುವ ಒಂದೊಂದು ಸಾಲೂ ಒಂದು ಆಜ್ಞಾವಾಕ್ಯ. ವಾಕ್ಯವೆಂದ ಮೇಲೆ ಅದಕ್ಕೊಂದು ವ್ಯಾಕರಣವಿರಬೇಕಷ್ಟೆ. ಆ ವ್ಯಾಕರಣ ಎಷ್ಟರಮಟ್ಟಿಗೆ ಏಕರೂಪವಾಗಿದೆ ಎಂಬುದನ್ನು ಭಾಷಾಭ್ಯಾಸಿಗಳ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಯೂನಿಕ್ಸ್ ಪರಂಪರೆಯ ಆಜ್ಞೆಗಳನ್ನು ನೋಡೋಣ. ಕಡತವನ್ನು ನಕಲಿಸುವ 'ಸಿಪಿ'ಯಲ್ಲಿ 'ವಿ' ಎಂಬ ಆಯ್ಕೆಗೆ 'ಮಾಡಿದ್ದನ್ನು ವಿವರಿಸು' ಎಂದರ್ಥ. ಪದವನ್ನು ಹುಡುಕುವ 'ಗ್ರೆಪ್'ನಲ್ಲಿ ಅದೇ ಅಕ್ಷರಕ್ಕೆ 'ಹೊಂದದ ಸಾಲುಗಳನ್ನು ಮಾತ್ರ ತೋರಿಸು' ಎಂದರ್ಥ. 'ಎಸ್‌ಎಸ್‌ಎಚ್'ನಲ್ಲಿ ಪೋರ್ಟ್ ಸಂಖ್ಯೆಗೆ ಸಣ್ಣ 'ಪಿ'. ಅದರ ಒಡಹುಟ್ಟಾದ 'ಎಸ್‌ಸಿಪಿ'ಯಲ್ಲಿ ದೊಡ್ಡ 'ಪಿ'. ನಾನಾರ್ಥ ಪದಗಳು ಕಾವ್ಯಕ್ಕೆ ಶೋಭೆ ತರಬಹುದು. ಆಜ್ಞೆಗೆ ಅವು ದೋಷವೇ ಸರಿ.

ಪದಕ್ರಮದ ದೋಷ ಇದಕ್ಕಿಂತ ಗುರುತರವಾದುದು. 'ಸಿಪಿ'ಯಲ್ಲಿ ಸಾಮಾನ್ಯವಾಗಿ ಮೂಲವು ಮೊದಲು, ಗಮ್ಯವು ಕೊನೆಗೆ. ಕಡತಗಳನ್ನು ಒಂದು ಕಟ್ಟಾಗಿ ಮಾಡುವ 'ಟಾರ್'ನಲ್ಲಿ 'ಎಫ್' ಎಂಬ ಆಯ್ಕೆಯ ಒಡನೆಯೇ ಕಟ್ಟಿನ ಹೆಸರು ಬರಬೇಕು, ಸೇರಬೇಕಾದ ಕಡತಗಳು ಆಮೇಲೆ. ಮೊದಲನೆಯ ಪದ್ಧತಿಯನ್ನು ಕಲಿತವನು ಅದನ್ನೇ ನಂಬಿ ಇಲ್ಲಿಯೂ ಕಟ್ಟಿನ ಹೆಸರನ್ನು ಕೊನೆಗಿಟ್ಟರೆ, ಅವನ ಮೊದಲ ಕಡತವೇ ಕಟ್ಟೆಂದು ಗಣಿತವಾಗಿ, ಅದರಲ್ಲಿದ್ದುದೆಲ್ಲ ಅಳಿದುಹೋಗುತ್ತದೆ. ಯಂತ್ರವು ಒಂದು ಮಾತೂ ಕೇಳುವುದಿಲ್ಲ.

ಕನ್ನಡದಲ್ಲಿ ಈ ಅನಾಹುತಕ್ಕೆ ಎಡೆಯಿಲ್ಲ. 'ಕಡತವನ್ನು ಕಟ್ಟಿಗೆ ಸೇರಿಸು' ಎಂದರೂ 'ಕಟ್ಟಿಗೆ ಕಡತವನ್ನು ಸೇರಿಸು' ಎಂದರೂ ಅರ್ಥ ಕೆಡದು. ಕರ್ಮವಾವುದು, ಗಮ್ಯವಾವುದು ಎಂಬುದನ್ನು ವಿಭಕ್ತಿಪ್ರತ್ಯಯವೇ ಸಾರುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಚಿತ್ರವೆಂದರೆ, ವಿಲಕ್ಷಣ ರೂಪಕ್ಕಾಗಿ ಪರಿಹಾಸ್ಯಕ್ಕೆ ಗುರಿಯಾದ 'ಡಿಡಿ' ಎಂಬ ಆಜ್ಞೆಯಲ್ಲಿ ಈ ಗುಣವುಂಟು. ಅಲ್ಲಿ 'ಐಎಫ್' ಒಳಬರುವ ಕಡತವನ್ನೂ 'ಓಎಫ್' ಹೊರಹೋಗುವ ಕಡತವನ್ನೂ ಸೂಚಿಸುವುದರಿಂದ ಕ್ರಮ ಹೇಗಿದ್ದರೂ ಬಾಧಕವಿಲ್ಲ.

ಈ ವ್ಯವಸ್ಥೆಯ ಪರವಾಗಿ ಹೇಳಬೇಕಾದುದೂ ಇದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಮೊಳೆತಾಗ ಟೆಲಿಟೈಪ್ ಯಂತ್ರಗಳು ನಿಧಾನವಾಗಿದ್ದುವು. ಹ್ರಸ್ವ ನಾಮಗಳು ಅಂದಿಗೆ ಉಚಿತವೇ ಆಗಿದ್ದುವು. ಆಜ್ಞೆಗಳೂ ಒಬ್ಬನ ಕೈಯಿಂದ ಹುಟ್ಟಿದವಲ್ಲ. ಮುಂದೆ ಪಾಸಿಕ್ಸ್ ನಿಯಮಾವಳಿ ಆಯ್ಕೆಗಳ ರೂಪವನ್ನು ಒಂದು ಕಟ್ಟಿಗೆ ತಂದಿತು. ಗ್ನೂ ಯೋಜನೆ 'ಹೆಲ್ಪ್', 'ವರ್ಷನ್' ಮುಂತಾದ ದೀರ್ಘನಾಮಗಳನ್ನು ರೂಢಿಗೊಳಿಸಿತು. ಆದರೆ ಈ ನಿಯಮಗಳು ರೂಪವನ್ನು ತಿದ್ದಿದಷ್ಟು ಅರ್ಥವನ್ನು ತಿದ್ದಲಿಲ್ಲ.

ಇದರಿಂದ ಹಾನಿ ಯಾರಿಗೆ? ತುಮಕೂರಿನ ಬಟವಾಡಿಯ ಬಾಡಿಗೆ ಕೊಠಡಿಯೊಂದರಲ್ಲಿ ಕುಳಿತು ಅಭ್ಯಾಸಮಾಡುವ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯನ್ನು ನೆನೆಯೋಣ. ಇಂಗ್ಲಿಷ್ ಬಲ್ಲವನು 'ವಿ' ಎಂದರೆ 'ವರ್ಬೋಸ್' ಇರಬಹುದೆಂದು ಊಹಿಸಿಯಾನು. ಈತನಿಗೆ ಅದು ಬರಿಯ ಗುರುತು. ಊಹೆಯ ಆಸರೆಯಿಲ್ಲದವನಿಗೆ ನಿಯಮವೊಂದೇ ಆಸರೆ. ನಿಯಮವು ಆಜ್ಞೆಯಿಂದ ಆಜ್ಞೆಗೆ ಬದಲಾದರೆ, ತಪ್ಪು ತನ್ನ ಬುದ್ಧಿಯದೆಂದು ಆತನು ಕುಗ್ಗುತ್ತಾನೆ. ಆಜ್ಞೆಗಳ ಹೆಸರನ್ನು ಕನ್ನಡಿಸಿದರೆ ಸಾಕೆಂಬ ವಾದವನ್ನು ನಾವು ಒಪ್ಪಲಾರೆವು. ಅವ್ಯವಸ್ಥೆಯನ್ನು ಅನುವಾದಿಸಿದರೆ ದೊರೆಯುವುದು ಕನ್ನಡದ ಅವ್ಯವಸ್ಥೆ.

ತಿದ್ದುಪಡಿ ಅಸಾಧ್ಯವೇನಲ್ಲ. 2005ರಲ್ಲಿ ಹುಟ್ಟಿದ 'ಗಿಟ್' ತಂತ್ರಾಂಶದಲ್ಲಿ 'ಚೆಕ್‌ಔಟ್' ಎಂಬ ಒಂದೇ ಆಜ್ಞೆ ಶಾಖೆಯನ್ನು ಬದಲಿಸುತ್ತಿತ್ತು, ಕಡತದಲ್ಲಿ ಮಾಡಿದ ಬದಲಾವಣೆಗಳನ್ನು ತೊಡೆದುಹಾಕಲೂ ಬಳಕೆಯಾಗುತ್ತಿತ್ತು. 2019ರಲ್ಲಿ ಈ ಎರಡು ಕಾರ್ಯಗಳಿಗೆ 'ಸ್ವಿಚ್', 'ರಿಸ್ಟೋರ್' ಎಂಬ ಬೇರೆ ಬೇರೆ ಆಜ್ಞೆಗಳನ್ನು ಸೇರಿಸಿದರು. ಹಳೆಯದನ್ನು ರೂಢಿಯವರಿಗಾಗಿ ಉಳಿಸಿದರು. ಹಳೆಯ ಬಳಕೆಗೆ ಭಂಗ ತಾರದೆ ಹೊಸ ಕಲಿಕೆಗೆ ದಾರಿಮಾಡುವ ಈ ಕ್ರಮ ಅನುಕರಣೀಯ. ಒಂದು ಗುರುತಿಗೆ ಒಂದೇ ಅರ್ಥ, ಪ್ರತಿಯೊಂದು ಪದದ ಪಾತ್ರಕ್ಕೂ ಸ್ಪಷ್ಟ ಚಿಹ್ನೆ, ಅಳಿಸುವ ಮುನ್ನ ಒಂದು ಎಚ್ಚರಿಕೆ: ಹೊಸ ಆಜ್ಞೆಗಳನ್ನು ರಚಿಸುವ ನಮ್ಮ ತರುಣರು ಇಷ್ಟನ್ನು ಪಾಲಿಸಿದರೆ, ಬಟವಾಡಿಯ ಆ ವಿದ್ಯಾರ್ಥಿ ಒಂದು ಆಜ್ಞೆಯನ್ನು ಕಲಿತು ಹತ್ತನ್ನು ಬಲ್ಲವನಾಗುತ್ತಾನೆ.